ತೀರ್ಪನ್ನು ಮೇಲೆ ಹಚ್ಚುತ್ತಿದ್ದ ಖಾಲಾ

ಬುರ್ಖಾದ ತೋಳು ಮೊಳಕೈಗೆ ಸರಿಸಿ, ಜಾರದಂತೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿಕೊಂಡು ಟೈಪ್ ಮಾಡುತ್ತಿದ್ದಳು ಖಾಲಾ. ಶಹಾಪುರದ ಕೋರ್ಟಿನ ಎದುರು, ಬೇವಿನ ನೆರಳಲ್ಲಿ ಅವಳ ಮೇಜು. ಸುತ್ತಲಿನವರಿಗೆಲ್ಲ ಕಂಪ್ಯೂಟರ್ ಬಂದ ಮೇಲೂ ಅವಳ ಮಷೀನು ಕಟಕಟ ಅನ್ನುತ್ತಲೇ ಇತ್ತು. ನಮ್ಮವ್ವನ ಗೆಳತಿ, ಹಂಗಾಗಿ ನನಗೂ ಖಾಲಾ, ಅಂದರೆ ಚಿಕ್ಕಮ್ಮ. ಮನೆಯಲ್ಲಿ ದಖನಿ ಉರ್ದು, ಮೇಜಿನ ಮೇಲೆ ಕನ್ನಡ, ಬೈಯುವಾಗ ಎರಡೂ.

ಕಾಲುವೆ ನೀರಿನ ಜಗಳವೊಂದರಲ್ಲಿ ಎದುರಿನವರು ನಮ್ಮ ಓಣಿಯ ಗಂಡಸರ ಹೆಸರನ್ನೆಲ್ಲ ದೂರಿನಲ್ಲಿ ಬರೆಸಿದ್ದರು. ಜಗಳದ ದಿನ ನಾನು ಊರಲ್ಲೇ ಇರದೆ ಸೈದಾಪುರದಲ್ಲಿದ್ದೆ, ಆದರೂ ನನ್ನ ಹೆಸರಿತ್ತು. ಅದಕ್ಕೂ ಮೊದಲೇ ತೀರಿಕೊಂಡಿದ್ದ ನಮ್ಮ ಕಾಕಾನ ಹೆಸರೂ ಅದರಲ್ಲಿತ್ತು! ವರ್ಷಗಟ್ಟಲೆ ಅಲೆದ ಮೇಲೆ ಎಲ್ಲರಿಗೂ ಬಿಡುಗಡೆಯಾಯಿತು. ಮುಂದೆ ನನಗೆ ಸರ್ಕಾರಿ ಶಾಲೆಯಲ್ಲಿ ಗುಮಾಸ್ತನ ಕೆಲಸ ಸಿಗುವುದಿತ್ತು; ಪೊಲೀಸ್ ತಪಾಸಣೆಯೊಂದೇ ಬಾಕಿ. 'ನಿಮ್ಮ ಮೇಲೆ ಎಂದಾದರೂ ಪ್ರಕರಣ ದಾಖಲಾಗಿತ್ತೇ?' ಎಂಬ ಅರ್ಜಿಯ ಪ್ರಶ್ನೆಯೆದುರು ಹೆದರಿ 'ಇಲ್ಲ' ಎಂದು ಬರೆದು, ಟೈಪ್ ಮಾಡಿಸಲು ಖಾಲಾನ ಮುಂದಿಟ್ಟೆ.

ಓದಿದಳು. ಪರ್ರಂತ ಹರಿದಳು.

"ಖಾಲಾ, ಕೆಲಸ ಹೋಗ್ತದ!"

"ಸುಳ್ಳು ಬರದ್ರ ಹೋಗ್ತದ, ಬೇಕೂಫ್. ಪೊಲೀಸರ ಕಂಪ್ಯೂಟರ್‌ದಾಗ ನಿನ್ನ ಹೆಸರು ಇನ್ನಾ ಕುಂತದ. ಕೋರ್ಟ್ ಬಿಟ್ರೂ ಅದು ಬಿಡಂಗಿಲ್ಲ."

"ಮತ್ತೇನ್ ಮಾಡ್ಲಿ?"

"ಹೌದು ಅಂತ ಬರಿ. ನಾಚಿಕಿ ಯಾರಿಗಿ ಬರಬೇಕು? ಸತ್ತಾಂವನ ಮ್ಯಾಲೆ ಕೇಸ್ ಹಾಕಿದವರಿಗಿ!"

ಇಂಥ ಅರ್ಜಿಗೆ ಎಲ್ಲರೂ ತೀರ್ಪಿನ ನಕಲನ್ನು ಹಿಂದೆ ಹಚ್ಚಿದರೆ ಖಾಲಾ ಎಲ್ಲಕ್ಕಿಂತ ಮೇಲೆ ಹಚ್ಚುತ್ತಿದ್ದಳು, ಬಿಡುಗಡೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು. ಹಾಗೆಯೇ ನನ್ನದನ್ನೂ ಹಚ್ಚಿ, ಶಿಕ್ಷಣ ಇಲಾಖೆಯ ಕಚೇರಿಗೆ ತಾನೂ ಬಂದಳು. ಅಲ್ಲಿನ ಸಾಹೇಬರು ಹಾಳೆ ನೋಡಿ ಮುಖ ಗಂಟು ಹಾಕಿದರು. "ಕೇಸ್ ಇದ್ದದ್ದಂತೂ ಖರೆ ಅಲ್ಲೇನಮ್ಮಾ?"

"ಖರೆ ರೀ ಸಾಬ್. ಬಿಡುಗಡಿ ಆದದ್ದೂ ಖರೆ. ಒಂದು ಖರೆ ಓದಿ ಇನ್ನೊಂದು ಬಿಡ್ತೀರೇನು? ಕೆಲಸ ಕೊಡಂಗಿಲ್ಲ ಅಂದ್ರ ಯಾಕ ಅಂತ ಬರದು ಸಹಿ ಮಾಡ್ರಿ. ನಾ ಇಲ್ಲೇ ಕುಂದರ್ತೀನಿ."

ಕುಳಿತೇಬಿಟ್ಟಳು. ಊಟದ ಹೊತ್ತಿಗೆ ಡಬ್ಬಿ ಬಿಚ್ಚಿ ಸಾಹೇಬರ ಕಡೆಗೂ ಒಂದು ರೊಟ್ಟಿ ಚಾಚಿದಳು. ಹಾಗೆ ಬರೆದು ಸಹಿ ಮಾಡುವ ಧೈರ್ಯ ಅಲ್ಲಿ ಯಾರಿಗೂ ಬರಲಿಲ್ಲ. ಹದಿನೈದು ದಿನಕ್ಕೆ ನನ್ನ ನೇಮಕದ ಆದೇಶ ಬಂತು.

ಪೇಡೆ ಒಯ್ದರೆ ಖಾಲಾ ನಗಲೇ ಇಲ್ಲ. "ನಿನಗ ನಾ ಇದ್ದೆ, ಬೇಟಾ. ಇಲ್ಲದವರು ಏನ್ ಮಾಡಬೇಕು? ಕೋರ್ಟ್ ಬಿಟ್ಟ ದಿನಾನೇ ಆ ಕೇಸಿನ ಕಾಗದಕ್ಕ ತಾನಾಗೇ ಬೀಗ ಬೀಳಬೇಕು. ಯಾರೂ ಹೋಗಿ ಕೈ ಮುಗಿಯಂಗ ಇರಬಾರದು." ಇದನ್ನೇ ಅರ್ಜಿ ಮಾಡಿ ವರ್ಷಕ್ಕೊಮ್ಮೆ ಬೆಂಗಳೂರಿಗೆ, ಸರ್ಕಾರಕ್ಕೆ ಕಳಿಸುತ್ತಿದ್ದಳೆಂದು ಆಗಲೇ ನನಗೆ ಗೊತ್ತಾದದ್ದು. ಒಂದಕ್ಕೂ ಉತ್ತರ ಬಂದಿರಲಿಲ್ಲ.

ಹೋದ ವರ್ಷ ಖಾಲಾ ತೀರಿಕೊಂಡಳು. ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಕೋರ್ಟು ಬಿಟ್ಟರೂ ಕಂಪ್ಯೂಟರು ಬಿಡದವರು. ಈ ಸಲದ ಅರ್ಜಿಯನ್ನು ನಾವೇ ಬರೆದೆವು. ಸಹಿ ಹಾಕುತ್ತ ಹೋದರೆ ಜಾಗ ಸಾಲದೆ ಹಾಳೆ ತಿರುವಬೇಕಾಯಿತು.