ಸಾಯ್ಲಿಗೂ ಸಾಯಲಿಗೂ ನಡುವೆ

ಆ ಸಭೆಯಲ್ಲಿ ನಾನು ಕೇಳಿದ್ದೇನು ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಇತಿಹಾಸದಲ್ಲಿ ಎಂ.ಎ. ಮಾಡುವಾಗ ಅಂಟಿದ ಚಾಳಿ ಅದು. ಎಲ್ಲರ ಸಾಕ್ಷಿಯನ್ನೂ ಅನುಮಾನಿಸು, ನಿನ್ನದನ್ನು ಮೊದಲು.

ಆಗ ನಾನು ಕುಂದಾಪುರದಲ್ಲಿ ಒಂದು ದಿನಪತ್ರಿಕೆಯ ಅರೆಕಾಲಿಕ ವರದಿಗಾರ. ಕೊಲ್ಲೂರು ರಸ್ತೆಯಿಂದ ಒಳಗಿನ ಹಳ್ಳಿಯೊಂದರಲ್ಲಿ, ಆಸ್ಪತ್ರೆಗೆ ಡಾಕ್ಟರು ಬೇಕೆಂದು ವಿರೋಧ ಪಕ್ಷದವರು ಸಭೆ ಇಟ್ಟಿದ್ದರು. ವಾರದ ಹಿಂದೆ ಅದೇ ಊರಿನವನೊಬ್ಬ ಎದೆನೋವೆಂದು ಆಸ್ಪತ್ರೆಗೆ ಹೋಗಿ, ಬಾಗಿಲಿಗೆ ಬೀಗ ಕಂಡು, ಕುಂದಾಪುರ ಮುಟ್ಟುವ ಮೊದಲೇ ತೀರಿಕೊಂಡಿದ್ದ. ಅವನನ್ನು ಕಾರಿನಲ್ಲಿ ಹಾಕಿಕೊಂಡು ಹೊರಟವರು ಆ ಪಕ್ಷದ ನಾಯಕಿಯೇ.

ಸಭೆಯಲ್ಲಿ ಅವರು ಮಾತಾಡುವಾಗ ಮೈಕು ಕೀರತೊಡಗಿತು. ಎರಡು ಸಲ ತಟ್ಟಿದರು. “ಅದ್ ಸಾಯ್ಲಿ. ರೋಗಿಗಳ್ ಎಲ್ಲಿಗ್ ಹೋಯ್ಕ್, ಹೇಳಿ ಕಾಂಬ?” ಎಂದರು.

‘ಅದ್ ಸಾಯ್ಲಿ’ ಅಂದರೆ ನಮ್ಮ ಕಡೆ ‘ಅದಿರಲಿ ಬಿಡಿ’ ಎಂದಷ್ಟೆ. ಮೈಕಿನ ಮಾತು ಬಿಡಿ, ರೋಗಿಗಳು ಎಲ್ಲಿಗೆ ಹೋಗಬೇಕು ಎಂದು ಅವರು ಕೇಳಿದ್ದು. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಮಾತು. ಅದರಿಂದ ಯಾರೂ ಸತ್ತದ್ದಿಲ್ಲ.

ಮರುದಿನ ನನ್ನ ವರದಿಯ ನೆತ್ತಿಯ ಮೇಲೆ ದಪ್ಪಕ್ಷರ: ‘ರೋಗಿಗಳು ಸಾಯಲಿ: ನಾಲಗೆ ಹರಿಬಿಟ್ಟ ನಾಯಕಿ’. ಆಸ್ಪತ್ರೆಯ ಬೀಗದ ಬಗ್ಗೆ ನಾನು ಬರೆದ ಸಾಲು ಇರಲೇ ಇಲ್ಲ. ಅದೇ ತಿಂಗಳು ಬ್ರಹ್ಮಾವರದಲ್ಲಿ ಆಳುವ ಪಕ್ಷದವರೊಬ್ಬರು ಅಧಿಕಾರಿಯನ್ನು ಕತ್ತೆ ಎಂದು ಬೈದದ್ದನ್ನು ನಾನು ಇದ್ದ ಹಾಗೆ ಬರೆದು ಕಳಿಸಿದ್ದೆ. ಅಚ್ಚಾದದ್ದು ‘ಚುರುಕು ಮುಟ್ಟಿಸಿದರು’ ಎಂದು. ನಮ್ಮ ಪತ್ರಿಕೆಯಲ್ಲಿ ಗದ್ದುಗೆಯಲ್ಲಿದ್ದವರು ಸ್ಪಷ್ಟಪಡಿಸುತ್ತಾರೆ, ಕೆಳಗಿದ್ದವರು ಹರಿಹಾಯುತ್ತಾರೆ. ಹಿಂದೆ ಈ ನಾಯಕಿಯ ಪಕ್ಷವೇ ಗದ್ದುಗೆಯಲ್ಲಿದ್ದಾಗ ಸ್ಪಷ್ಟಪಡಿಸುತ್ತಿದ್ದವರು ಇವರು. ಆಗ ನಾನೂ ಸುಮ್ಮನಿದ್ದೆ ಅಂತ ಕಾಣುತ್ತದೆ.

ಸಂಪಾದಕರಿಗೆ ಫೋನ್ ಮಾಡಿದೆ.

“ಸಾರ್, ಅವ್ರ್ ಹಾಂಗ್ ಹೇಳ್ಲಿಲ್ಲ.”

“ರೆಕಾರ್ಡ್ ಇತ್ತಾ?”

“ಇಲ್ಲ.”

“ನೂರಕ್ಕೆ ನೂರು ಖಾತ್ರಿಯಾ ನಿಂಗೆ?”

ಮೈಕು ಕೀರುತ್ತಿತ್ತಲ್ಲ. “ನೂರಕ್ಕೆ ನೂರು ಅಂದ್ರೆ...” ಎಂದು ತಡವರಿಸಿದೆ.

ಅವರು ನಕ್ಕರು. “ಅದ್ ಸಾಯ್ಲಿ ಮಾರಾಯ, ಬೈಂದೂರಿನ ಫೋಟೋ ಕಳ್ಸ್.”

ಮೈಯೆಲ್ಲ ಉರಿದುಹೋಯಿತು. ಕುಂದಾಪುರದ ಪಕ್ಕದ ಕೋಟದಲ್ಲಿ, ಇದೇ ಮಾತಿನ ನಡುವೆ ಹುಟ್ಟಿ ಬೆಳೆದ ಮನುಷ್ಯ! ಮಾತು ಗೊತ್ತಿಲ್ಲದೆ ಆದ ತಪ್ಪಾಗಿದ್ದರೆ ಕ್ಷಮಿಸಬಹುದಿತ್ತು. ಶಿರೋನಾಮೆ ಕಟ್ಟುವಾಗ ನಿಮಗೆ ನೂರಕ್ಕೆ ಎಷ್ಟು ಖಾತ್ರಿಯಿತ್ತು ಎಂದು ನಾನು ಕೇಳಲಿಲ್ಲ. ನನ್ನ ಅನುಮಾನವೆಲ್ಲ ನನಗೇ ಮೀಸಲಾಗಿತ್ತು.

ಸಂಜೆ ನಾಯಕಿಯ ಫೋನ್ ಬಂತು. ಬೈಯುತ್ತಾರೆಂದುಕೊಂಡೆ. “ಊರವ್ರ್ ಎಂತ ಬೇಕಾರೂ ಹೇಳ್ಲಿ, ನಂಗ್ ಅಭ್ಯಾಸ ಆಯ್ತ್. ನಾಡಿದ್ ಅವನ್ ಬೊಜ್ಜ. ಬಪ್ಪುದ್ ಬ್ಯಾಡ ಅಂದ್ ಅವನ್ ಹೆಂಡ್ತಿ ಹೇಳಿ ಕಳ್ಸಿತ್. ನನ್ ತೊಡಿ ಮೇಲೆ ತಲಿ ಇಟ್ಕಂಡ್ ಸತ್ತವ, ಮಾರಾಯ್ರೆ.” ಸತ್ತವನ ಉತ್ತರಕ್ರಿಯೆಯ ಊಟಕ್ಕೆ ಬರಬೇಡಿ ಎನ್ನುವುದೆಂದರೆ ನಮ್ಮಲ್ಲಿ ಮುಖಕ್ಕೆ ಬಾಗಿಲು ಹಾಕಿದ ಹಾಗೆ.

ಮರುದಿನ ಬೆಳಿಗ್ಗೆ ಸ್ಕೂಟರು ಹತ್ತಿ ಸತ್ತವನ ಮನೆಗೆ ಹೋದೆ. ಗಂಡ ಸತ್ತಲ್ಲಿಂದ ಅವನ ಹೆಂಡತಿ ಮನೆ ಬಿಟ್ಟು ಹೊರಟಿರಲಿಲ್ಲ, ಸಭೆಗೂ ಬಂದಿರಲಿಲ್ಲ. ಜಗಲಿಯಿಂದಲೇ ಕೇಳಿದರು: “ಹ್ವಾಯ್, ಇನ್ನೂ ಎಂತ ಬರಿಯುಕ್ ಬಾಕಿ ಇತ್ತ್?”

ಮೈಕಿನ ಕಥೆ ಹೇಳಿದೆ.

“ಪೇಪರಂಗೆ ಬಂದಿತ್ತಲೆ. ಬರ್ದದ್ ನೀವೇ ಅಲ್ದಾ?”

“ಅಡಿ ಬರ್ದದ್ ನಾನ್. ತಲಿ ಬರ್ದದ್ ಪೇಪರಿನವ್ರ್.”

“ನೀವ್ ಕಿವಿಯಾರೆ ಕೇಂಡದಾ?”

‘ಬಹುಶಃ’ ಎಂಬ ಪದ ನಾಲಗೆಯ ತುದಿಗೆ ಬಂತು. ನುಂಗಿದೆ. “ಹೌದು, ಕೇಂಡದ್ದೇ.”

ಅವರು ಕೈ ಚಾಚಿದರು. “ಅವ್ರಿಗ್ ಫೋನ್ ಮಾಡಿ ಕೊಡಿ.” ಮಾಡಿಕೊಟ್ಟೆ. “ಅಕ್ಕ, ನಾಳೆ ಬನ್ನಿ. ಊಟ ಮಾಡ್ದೆ ಹೋಪುಕಾಗ” ಎಂದಷ್ಟೇ ಹೇಳಿ ಫೋನು ಹಿಂದೆ ಕೊಟ್ಟರು.

ಪತ್ರಿಕೆ ಹೋದ ಉಳಿದ ಮನೆಗಳಿಗೆಲ್ಲ ನಾನು ಸ್ಕೂಟರಿನಲ್ಲಿ ಹೋಗಲಾರೆ. ತಿದ್ದುಪಡಿ ಹಾಕಿ ಎಂದು ಹೆಸರು ಬರೆದು ಕಳಿಸಿದ ನನ್ನ ಪತ್ರ ಅಚ್ಚಾಗಲಿಲ್ಲ. ನಾಯಕಿ ಆ ಮನೆಯಲ್ಲಿ ಊಟಕ್ಕೆ ಕೂತ ದಿನ ಮೂಲೆಯಲ್ಲಿ ಎರಡು ಸಾಲು ಬಂದಿತ್ತು: ‘ವಿವಾದಿತ ಹೇಳಿಕೆ: ನಾಯಕಿ ಸಮಜಾಯಿಷಿ’. ಅವತ್ತಿನಿಂದ ಆ ಪತ್ರಿಕೆಗೆ ನಾನು ಒಂದಕ್ಷರ ಕಳಿಸಿಲ್ಲ.