ಮನೆಮನೆಗೆ ಹಂಚಿಟ್ಟ ಗ್ರಂಥಾಲಯ

ನನ್ನ ಗೆಳತಿ ಪುಸ್ತಕ ಕಳೆದವಳಲ್ಲ. ಅವಳು ತೀರಿಕೊಂಡ ವಾರದಲ್ಲೇ ನಮ್ಮ ಬೀದಿಯಲ್ಲಿ ಒಬ್ಬಾಕೆ, "ಪಾಪ, ಒಳ್ಳೆಯವಳೇ. ಆದ್ರೆ ಲೈಬ್ರರಿ ಪುಸ್ತಕ ಅರ್ಧಕ್ಕರ್ಧ ಕಳೆದುಬಿಟ್ಟಳಂತೆ" ಎಂದದ್ದು ನನ್ನ ಕಿವಿಗೆ ಬಿತ್ತು. ಹಾಗೆಂದವಳು ನನ್ನ ಗೆಳತಿ ಹುಡುಕಿಕೊಟ್ಟ ಪುಸ್ತಕಗಳನ್ನೇ ಓದಿ ಪರೀಕ್ಷೆ ಪಾಸಾದವಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಕ್ಕಳು ಅವಳನ್ನು ಶ್ಶಕ್ಕ ಎಂದು ಕರೆಯುತ್ತಿದ್ದರು. ಗ್ರಂಥಾಲಯದಲ್ಲಿ ಯಾರಾದರೂ ಪಿಸುಗುಟ್ಟಿದರೂ "ಶ್ಶ್!" ಎನ್ನುತ್ತಿದ್ದಳು, ಆ ಶ್ಶ್ ಮಾತ್ರ ಹೊರಗೆ ಪುರಸಭೆಯ ನೀರಿನ ಬಿಲ್ಲು ಕಟ್ಟಲು ನಿಂತವರ ಸಾಲಿನ ತನಕ ಕೇಳುತ್ತಿತ್ತು. ಅವಳ ನಗುವೂ ಹಾಗೇ. ಮೌನ ಕಾಯುವ ಕೆಲಸಕ್ಕೆ ಊರಿನಲ್ಲೇ ಅತಿ ದೊಡ್ಡ ದನಿಯವಳನ್ನು ಹುಡುಕಿ ನೇಮಿಸಿದ್ದರು ಎಂದು ನಾನು ಛೇಡಿಸಿದರೆ, "ನೀನು ಪ್ರೂಫ್ ತಿದ್ದೋಳು, ನಿನ್ನ ಮಾತಲ್ಲೇ ಎಷ್ಟು ತಪ್ಪಿದೆ ನೋಡ್ಕೋ" ಎಂದು ತಿರುಗಿಸಿ ಹೊಡೆಯುತ್ತಿದ್ದಳು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಮಧ್ಯಾಹ್ನ ಬುತ್ತಿ ಹಿಡಿದುಕೊಂಡು ಅವಳಲ್ಲಿಗೆ ಹೋಗುತ್ತಿದ್ದೆ. ಒಬ್ಬರನ್ನೊಬ್ಬರು ಹಂಗಿಸದೆ ನಾವು ಉಂಡ ದಿನವಿಲ್ಲ.

ಗ್ರಂಥಾಲಯವೆಂದರೆ ಪುರಸಭೆಯ ಕಟ್ಟಡದ ಮಗ್ಗುಲಲ್ಲಿ, ಹಿಂದೆ ಸೈಕಲ್ ನಿಲ್ಲಿಸುತ್ತಿದ್ದ ಒಂದೇ ಒಂದು ಕೋಣೆ. ಕಿಟಕಿಗೆ ಅಡ್ಡವಾಗಿ ಕಪಾಟು ಇದ್ದುದರಿಂದ ಅದರ ಒಂದು ಕದ ಮಾತ್ರ ತೆರೆಯುತ್ತಿತ್ತು. ಪ್ರತಿ ಹಲಗೆಯಲ್ಲೂ ಪುಸ್ತಕ ಎರಡು ಸಾಲು. ಹಿಂದಿನ ಸಾಲಿನದು ಬೇಕೆಂದರೆ ಮುಂದಿನ ಸಾಲನ್ನು ಎದೆಗವಚಿಕೊಂಡು ನಿಲ್ಲಬೇಕು. ಎರಡು ಕಪಾಟುಗಳ ನಡುವೆ ಒಬ್ಬರು ಹೊರಗೆ ಬಂದ ಮೇಲೇ ಇನ್ನೊಬ್ಬರು ಒಳಗೆ. ಬೀದಿಯ ದರ್ಜಿ ಹೊಟ್ಟೆ ಎಳೆದುಕೊಂಡು ನುಗ್ಗುತ್ತಾ, "ಅಕ್ಕಾ, ಸದಸ್ಯರಾಗೋಕೆ ಸೊಂಟದ ಅಳತೆ ಇಷ್ಟೇ ಇರ್ಬೇಕು ಅಂತ ಬೋರ್ಡ್ ಹಾಕ್ಬಿಡಿ. ಅಳೆಯೋ ಕೆಲಸ ನಂಗೆ ಕೊಡಿ" ಎನ್ನುತ್ತಿದ್ದ. ಪತ್ರಿಕೆ ಓದುವವರು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮಳೆ ಬಂದರೆ ಅವರೂ ಒಳಗೆ. ಆಗ ಓದುವುದು ಹೋಗಲಿ, ಪುಟ ತಿರುಗಿಸಬೇಕಾದರೂ ಪಕ್ಕದವರ ಅಪ್ಪಣೆ ಬೇಕಾಗುತ್ತಿತ್ತು.

ಜಾಗ ಕೊಡಿ ಎಂದು ಅವಳು ಮೇಲಿನ ಕಚೇರಿಗೆ ಅಲೆದದ್ದಕ್ಕೆ ಲೆಕ್ಕವಿಲ್ಲ. ಪ್ರತಿ ಸಲವೂ ಬಂದದ್ದು ಹೊಸ ಪುಸ್ತಕದ ಕಟ್ಟುಗಳು. "ಹಸಿವು ಅಂದ್ರೆ ತಟ್ಟೆ ಕಳಿಸ್ತಾರೆ ಕಣೇ" ಎನ್ನುತ್ತಿದ್ದಳು. ಕೊನೆಗೊಮ್ಮೆ ಆಗಿನ ಸಾಹೇಬರು, "ಏನಾದ್ರೂ ಮಾಡ್ಕೊಳ್ಳಮ್ಮ, ನನ್ನ ತಲೆ ತಿನ್ಬೇಡ" ಎಂದರಂತೆ. ಅವಳು ಅದನ್ನೇ ಅನುಮತಿ ಎಂದು ತಿಳಿದುಕೊಂಡಳು.

ಅವಳು ಮಾಡಿಕೊಂಡದ್ದು ಇದು. ಬೀದಿಯ ಕೆಲವು ಮನೆಗಳಲ್ಲಿ ಒಂದೊಂದು ಕಪಾಟು ಕೇಳಿದಳು. ಪತ್ತೇದಾರಿ ಕಾದಂಬರಿಗಳು ದರ್ಜಿಯ ಅಂಗಡಿಗೆ ಹೋದವು. ಆರೋಗ್ಯ, ವಿಜ್ಞಾನದವು ಔಷಧಿ ಅಂಗಡಿಯ ಹಿಂದಿನ ಕೋಣೆಗೆ. ಮಕ್ಕಳ ಪುಸ್ತಕ ಒಂದಿಷ್ಟು ನಮ್ಮ ಮನೆಯ ಮೆಟ್ಟಿಲ ಕೆಳಗೆ. ಓದುಗರು ಬಂದು ಕೇಳಿದರೆ, "ಕೊಲೆ ಬೇಕಾ? ದರ್ಜಿ ಹತ್ರ ಹೋಗು. ನಾನು ಹೇಳಿದೆ ಅನ್ನು" ಎಂದು ಕಳಿಸುತ್ತಿದ್ದಳು. ದರ್ಜಿ ಹೊಲಿಗೆ ನಿಲ್ಲಿಸಿ ಪುಸ್ತಕ ತೆಗೆದುಕೊಡುತ್ತಿದ್ದ. ಕೊಲೆಗಾರ ಯಾರೆಂದು ಮಾತ್ರ ಬಾಯಿಬಿಡುತ್ತಿರಲಿಲ್ಲ, ಅದು ಅವನ ನಿಯತ್ತು. ಹೀಗೆ ವರ್ಷಗಟ್ಟಲೆ ನಡೆಯಿತು. ಇಡೀ ಬೀದಿ ಗ್ರಂಥಾಲಯವಾಗಿತ್ತು, ಆ ಸೈಕಲ್ ಕೋಣೆ ಅದರ ಬಾಗಿಲು ಮಾತ್ರ.

ಎಲ್ಲಕ್ಕಿಂತ ಹೆಚ್ಚು ಪುಸ್ತಕ ಇದ್ದದ್ದು ಭಾವನ ಮನೆಯಲ್ಲಿ. ಅವರು ಅವಳ ಅಕ್ಕನ ಗಂಡ, ನಿವೃತ್ತ ಮೇಷ್ಟ್ರು. ಅವಳು ಭಾವ ಎನ್ನುತ್ತಿದ್ದಳೆಂದು ಬೀದಿಯವರೆಲ್ಲ ಭಾವ ಎನ್ನುತ್ತಿದ್ದರು. ನನ್ನ ಗೆಳತಿ ಪುಟ್ಟ ಹುಡುಗಿಯಾಗಿದ್ದಾಗ ಅವಳ ತಂದೆಯ ಮನೆಗೆ ಅಳಿಯನಾಗಿ ಬಂದವರು, ಬಂದಾಗಲೆಲ್ಲ ಅವಳಿಗೆಂದು ಒಂದು ಪುಸ್ತಕ ತಂದವರು. ಅವಳಿಗೆ ಓದಿನ ಹುಚ್ಚು ಹಿಡಿಸಿದವರೇ ಅವರು. ಹಾಗಾಗಿ ಗಟ್ಟಿ ಬೈಂಡಿನ ಇತಿಹಾಸದ ಸಂಪುಟಗಳು, ನಿಘಂಟುಗಳು, ಹಳೆಯ ಮಾಸಪತ್ರಿಕೆಗಳು, ಒಟ್ಟಿನಲ್ಲಿ ಮತ್ತೆ ಸಿಗದಂಥವನ್ನೆಲ್ಲ ಆರಿಸಿ ಅವರ ನಡುಮನೆಗೆ ಕಳಿಸಿದ್ದಳು. ಅವಳ ಅಕ್ಕ ಬದುಕಿರುವ ತನಕ ಅವನ್ನು ಹಳೆಯ ಸೀರೆಯ ತುಂಡಿನಿಂದ ಒರೆಸಿಡುತ್ತಿದ್ದರು. ಭಾವ ಗೆದ್ದಲು ಹಿಡಿಯದಂತೆ ಔಷಧಿ ಹೊಡೆಸಿದರು, ಹರಿದದ್ದಕ್ಕೆ ಹೊಸ ರಟ್ಟು ಹಾಕಿಸಿದರು. "ನಮ್ಮ ಭಾವ ಇಲ್ದಿದ್ರೆ ನನ್ನ ಲೈಬ್ರರಿ ಗೆದ್ದಲ ಹೊಟ್ಟೆ ಸೇರ್ತಿತ್ತು" ಎಂದು ಅವಳು ಕಂಡವರಿಗೆಲ್ಲ ಹೇಳುತ್ತಿದ್ದಳು.

ಅಕ್ಕ ತೀರಿಕೊಂಡ ಮಾರನೆಯ ವರ್ಷ ಮೇಲಿನ ಕಚೇರಿಯಿಂದ ಸುದ್ದಿ ಬಂತು. ಸಾಹೇಬರು ಬಂದು ಪುಸ್ತಕ ಎಣಿಸುತ್ತಾರೆ. ಕಪಾಟಿನಲ್ಲಿ ನಿಯಮದಲ್ಲಿ ಹೇಳಿದಷ್ಟು ಪುಸ್ತಕ ಇಲ್ಲದಿದ್ದರೆ ಕೋಣೆ ಮುಚ್ಚಿ ಎಲ್ಲವನ್ನೂ ದೊಡ್ಡ ಗ್ರಂಥಾಲಯಕ್ಕೆ ಸೇರಿಸುತ್ತಾರೆ. ಅವಳು ಹೆದರಲಿಲ್ಲ, ಹಿಗ್ಗಿದಳು. "ಬರ್ಲಿ ಕಣೇ! ಎಲ್ಲ ಮನೆಯಿಂದಲೂ ತರಿಸ್ತೀನಿ. ಸಾಹೇಬ್ರು ಬಾಗಿಲು ತೆಗೆದ್ರೆ ಪುಸ್ತಕ ಮೈಮೇಲೆ ಬೀಳ್ಬೇಕು. ಆಗ್ಲಾದ್ರೂ ಇನ್ನೊಂದು ಕೋಣೆ ಕೊಡ್ತಾರೆ."

ಎಣಿಕೆಯ ಹಿಂದಿನ ದಿನ ದರ್ಜಿ ತಳ್ಳುಗಾಡಿ ತಂದ. ಅವನ ಅಂಗಡಿಯದು, ಔಷಧಿ ಅಂಗಡಿಯದು, ನಮ್ಮ ಮನೆಯದು ಸಾಗಿಸಿಯಾಯಿತು. ಕೊನೆಗೆ ಮೂವರೂ ಭಾವನ ಮನೆಗೆ ಹೋದೆವು. ಅವರು ನಗುತ್ತಲೇ ಬಾಗಿಲು ತೆರೆದು, ಕೂರಿಸಿ, ಟೀ ಕೊಟ್ಟರು.

"ಭಾವ, ನಾಳೆ ಎಣಿಕೆ. ಗಾಡಿ ತಂದಿದ್ದೀವಿ" ಎಂದಳು.

"ಗಾಡಿ ಯಾಕಮ್ಮಾ?"

"ಪುಸ್ತಕಕ್ಕೆ."

"ಯಾರ ಪುಸ್ತಕಕ್ಕೆ?"

ಅವಳು ಜೋರಾಗಿ ನಕ್ಕಳು. ಭಾವ ತಮಾಷೆಯ ಮನುಷ್ಯ. ಅವರು ಮಾತ್ರ ಲೋಟದ ಅಂಚು ಒರೆಸುತ್ತಾ ಕೂತರು.

"ನೋಡು, ಇಷ್ಟು ವರ್ಷ ಇದನ್ನ ಕಾಪಾಡಿದ್ದು ಯಾರು? ನಿಮ್ಮ ಕಚೇರಿಯವರಾ? ನಿನ್ನಕ್ಕ ಕೊನೇ ಉಸಿರಿನ ತನಕ ಇದರ ಧೂಳು ಕುಡಿದ್ಲು. ನಿನ್ನ ಕೋಣೆ ಇವತ್ತಲ್ಲ ನಾಳೆ ಮುಚ್ಚೋದೇ. ಆಮೇಲೆ ಇವನ್ನೆಲ್ಲ ಯಾವ್ದೋ ಗೋಡೌನಲ್ಲಿ ಇಲಿ ತಿನ್ನುತ್ತೆ. ಇಲ್ಲಿದ್ರೆ ಉಳಿಯುತ್ತೆ."

"ಭಾವ, ಇದು ನನ್ನದಲ್ಲ, ನಿಮ್ಮದೂ ಅಲ್ಲ. ಜನರದು."

"ನಾನೂ ಜನರಿಗೇ ಕೊಡ್ತೀನಿ. ಅದನ್ನ ನೋಡು."

ಗೋಡೆಗೆ ಮುಖ ಮಾಡಿ ಒಂದು ಬೋರ್ಡು ನಿಂತಿತ್ತು. ದರ್ಜಿ ಎದ್ದು ತಿರುಗಿಸಿದ. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅವಳ ಅಕ್ಕನ ಹೆಸರು ದೊಡ್ಡದಾಗಿ, ಅದರ ಮುಂದೆ 'ಸ್ಮಾರಕ ವಾಚನಾಲಯ' ಎಂದು ಬರೆದಿತ್ತು. ಕೆಳಗೆ, ಸ್ಥಾಪಕರು ಎಂದು ಭಾವನ ಹೆಸರು.

ಅವಳು ಬೋರ್ಡನ್ನೇ ನೋಡುತ್ತಾ ಕೂತಳು. ಹೊರಗೆ ಬಂದ ಮೇಲೆ ನಾನು, "ಪೊಲೀಸರ ಹತ್ರ ಹೋಗೋಣ ನಡಿ" ಎಂದೆ.

"ಹೋಗಿ ಏನಂತ ಹೇಳ್ಲಿ? ಸರ್ಕಾರದ ಪುಸ್ತಕ ನಾನೇ ಕೈಯಾರೆ ಮನೆಮನೆಗೆ ಸಾಗಿಸಿದೆ ಅಂತಾನಾ? ಮೊದಲು ನನ್ನನ್ನೇ ಒಳಗೆ ಕೂರಿಸ್ತಾರೆ." ಸ್ವಲ್ಪ ದೂರ ನಡೆದ ಮೇಲೆ, "ಅಕ್ಕನ ಹೆಸರು ಹಾಕ್ಬಿಟ್ಟಿದ್ದಾರಲ್ಲೇ. ನಾನು ಹೋಗಿ ಆ ಬೋರ್ಡು ಕೀಳ್ಸಲಾ?" ಎಂದಳು. ಬಾಯಲ್ಲಿ ಬಿಸಿತುಪ್ಪ; ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಕುರಿ ಕಾಯೋಕೆ ತೋಳನನ್ನ ಇಟ್ಟಿದ್ವಿ ಅಂತ ಗೊತ್ತಾಗ್ಲೇ ಇಲ್ವಲ್ಲಕ್ಕಾ" ಎಂದ ದರ್ಜಿ, ಖಾಲಿ ಗಾಡಿ ತಳ್ಳುತ್ತಾ.

"ತೋಳ ಅನ್ಬೇಡ. ಭಾವ ಅವರು" ಎಂದಳು. ಆ ಹೊತ್ತಿನಲ್ಲೂ.

ಮಾರನೆಯ ದಿನ ಸಾಹೇಬರು ಬಂದರು. ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಎಣಿಸಿದರು. ಬೇಕಾದಷ್ಟು ಇರಲಿಲ್ಲ. ದರ್ಜಿಗೆ ತಡೆಯಲಾಗಲಿಲ್ಲ. "ಸ್ವಾಮೀ, ಪುಸ್ತಕ ಎಲ್ಲೂ ಹೋಗಿಲ್ಲ. ಮನೆಗಳಲ್ಲಿ ಇಟ್ಟಿದ್ವಿ. ನನ್ನ ಅಂಗಡೀಲೂ ಇತ್ತು, ನಿನ್ನೆ ನಾನೇ ತಂದಿಟ್ಟೆ."

"ಅಂದ್ರೆ ಇಲಾಖೆ ಪುಸ್ತಕ ನಿಮ್ಮ ಅಂಗಡೀಲಿತ್ತು?"

"ಹೌದು ಸ್ವಾಮಿ."

"ಯಾರ ಅನುಮತಿ?"

ಅವಳಿಗೆ ಒಳ್ಳೆಯದು ಮಾಡಲು ಹೋಗಿ ಗುಂಡಿ ಇನ್ನಷ್ಟು ಆಳ ಮಾಡಿದ್ದು ಅವನಿಗೆ ಆಗ ಹೊಳೆಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಆದರೂ ನಾನು ಹೇಳಿದೆ, ಉಳಿದವು ಇಂಥವರ ಮನೆಯಲ್ಲಿವೆ ಎಂದು. ಸಾಹೇಬರು ನನ್ನನ್ನು ಕನಿಕರದಿಂದ ನೋಡಿದರು.

"ಅವರಾ? ಏನಮ್ಮಾ, ಪುಸ್ತಕ ಕಾಣೆ ಆಗ್ತಿವೆ, ಬಂದು ನೋಡಿ ಅಂತ ನಮ್ಮ ಕಚೇರಿಗೆ ಬಂದು ಹೇಳಿದ್ದೇ ಅವರು. ಸ್ವಂತ ನಾದಿನಿ ಅಂತಾನೂ ನೋಡಲಿಲ್ಲ. ಅಂಥ ಪ್ರಾಮಾಣಿಕರು."

ಭಾವ ಪುಸ್ತಕ ಇಟ್ಟುಕೊಂಡದ್ದನ್ನು ಅವಳು ಹೇಗೋ ಜೀರ್ಣಿಸಿಕೊಳ್ಳುತ್ತಿದ್ದಳು. ವಯಸ್ಸಾಯಿತು, ಒಂಟಿ ಮನುಷ್ಯ, ವರ್ಷಾನುಗಟ್ಟಲೆ ಕಣ್ಣೆದುರು ಇದ್ದದ್ದು ತನ್ನದೇ ಅನ್ನಿಸಿರಬೇಕು ಎಂದು ಹಿಂದಿನ ರಾತ್ರಿಯೆಲ್ಲ ತಾನೇ ಅವರ ಪರವಾಗಿ ವಾದ ಹೂಡಿದ್ದಳಂತೆ. ಈ ಮಾತು ಕೇಳಿದ ಮೇಲೆ ವಾದ ಮುಗಿಯಿತು. ಎಣಿಕೆ ತಾನಾಗಿ ಬಂದದ್ದಲ್ಲ. ಅವರೇ ಕರೆಸಿದ್ದು, ಮೊದಲು ಬೋರ್ಡು ಬರೆಸಿಟ್ಟುಕೊಂಡು. ಅವಳು ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು, ಮೆಟ್ಟಿಲಿಳಿದು, ಪತ್ರಿಕೆ ಓದುತ್ತಿದ್ದವರ ನಡುವೆ ಹೋಗಿ ಕೂತಳು.

ಕೋಣೆ ಮುಚ್ಚಿತು. ಇದ್ದ ಪುಸ್ತಕಗಳು ಲಾರಿಯಲ್ಲಿ ಹೋದವು. ಅವಳ ಹೆಸರಿನ ಮುಂದೆ 'ನಿರ್ಲಕ್ಷ್ಯ' ಎಂದು ಬರೆದು, ಪಕ್ಕದ ನೀರಿನ ಬಿಲ್ಲಿನ ಕಿಟಕಿಯಲ್ಲಿ ಕೂರಿಸಿದರು. ಅವಳು ಅಲ್ಲಿ ದಿನವಿಡೀ ರಸೀದಿಗೆ ಮೊಹರು ಒತ್ತುತ್ತಿದ್ದಳು. ಗಲಾಟೆ ಮಾಡಬೇಡಿ ಎಂದು ಅಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ.

ಆಮೇಲೆ ಅವಳು ಓದಲಿಲ್ಲ. ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಕೇಳಿದೆ, "ಹೊತ್ತು ಹೋಗಲ್ವಲ್ಲೇ, ಏನಾದ್ರೂ ಪುಸ್ತಕ ತರ್ಲಾ?"

"ಬೇಡ. ತಂದ್ರೆ ವಾಪಸ್ ಕೊಡ್ಬೇಕಾಗುತ್ತೆ. ಈಗಿನ ಕಾಲದಲ್ಲಿ ಯಾರು ವಾಪಸ್ ಕೊಡ್ತಾರೆ?" ಎಂದು ನಕ್ಕಳು. ಆ ನಗು ಪಕ್ಕದ ಮಂಚದ ತನಕವೂ ಹೋಗಲಿಲ್ಲ.

ಭಾವ ಒಮ್ಮೆ ಹಣ್ಣು ಹಿಡಿದುಕೊಂಡು ನೋಡಲು ಬಂದರು. ಅವಳು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಿದ್ದಳು. ಅವರು ಹೋದ ಮೇಲೆ ಕಣ್ಣು ಬಿಡದೆಯೇ, "ಚೀಲ ನರ್ಸಿಗೆ ಕೊಟ್ಬಿಡು. ಒಂದು ಮಾತ್ರ ಹೇಳೇ, ನಾನು ಕಳೆದೆ ಅಂತ ನೀನೂ ಅಂದ್ಕೊಂಡಿಲ್ಲ ತಾನೇ?" ಎಂದಳು.

ನಮ್ಮ ಮನೆಯ ಮೆಟ್ಟಿಲ ಕೆಳಗಿನ ಪುಸ್ತಕಗಳನ್ನು ನನ್ನ ಜೊತೆಯೇ ಹೊತ್ತವಳು ನನ್ನನ್ನು ಹಾಗೆ ಕೇಳಿದಳು. ಭಾವ ಅವಳಿಂದ ಕಿತ್ತುಕೊಂಡದ್ದು ಪುಸ್ತಕವನ್ನಷ್ಟೇ ಅಲ್ಲ ಎಂದು ನನಗೆ ತಿಳಿದದ್ದು ಆಗ. ಅವಳು ಯಾರನ್ನೂ ನಂಬುವ ಸ್ಥಿತಿಯಲ್ಲಿ ಇರಲಿಲ್ಲ, ನನ್ನನ್ನು ಕೂಡ.

ಕಳೆದ ಭಾನುವಾರ ಅವಳಿಗೆ ಸಂತಾಪ ಸಭೆ. ಮಾಡಿದ್ದು ಭಾವನ ವಾಚನಾಲಯದಲ್ಲಿ. ಹೋಗಬಾರದೆಂದುಕೊಂಡೇ ಹೋದೆ. ಗೋಡೆ ಒಡೆಸಿ ಎರಡು ಕೋಣೆ ಒಂದು ಮಾಡಿದ್ದಾರೆ. ದೊಡ್ಡ ಕಿಟಕಿಗಳು, ಬೆಳಕು, ಉದ್ದನೆಯ ಮೇಜು. ಅವಳು ಕೇಳಿ ಕೇಳಿ ಸವೆದ ಜಾಗವೆಲ್ಲ ಅಲ್ಲಿತ್ತು. ಕಪಾಟಿನಲ್ಲಿ ಅವಳೇ ಆರಿಸಿ ಕಳಿಸಿದ ಸಂಪುಟಗಳ ಬೆನ್ನು ಗುರುತು ಹಿಡಿದೆ. ಮೇಜಿನ ಮೇಲೆ ಅವಳ ಫೋಟೋ.

ಭಾವ ಎದ್ದು ನಿಂತು ಕಣ್ಣೊರೆಸಿಕೊಂಡರು. ನಿಜವಾದ ಕಣ್ಣೀರೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. "ನಮ್ಮ ಹುಡುಗಿಗೆ ಇದ್ದದ್ದು ಒಂದೇ ಕೊರತೆ. ಕೇಳಿದವರಿಗೆಲ್ಲ ಎತ್ತಿ ಕೊಡೋದು. ಹಾಗಾಗಿ ಪುಸ್ತಕಗಳು ಕಳೆದುಹೋದವು. ಆದ್ರೆ ಅವಳ ಮನಸ್ಸು ಚಿನ್ನ" ಎಂದರು.

ನಾನು ಎದ್ದೆ. "ಕಳೆದಿಲ್ಲ. ನಿಮ್ಮ ಹಿಂದೆ ಇವೆ. ಆ ಕಪಾಟಿನಲ್ಲಿ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಕಪಾಟನ್ನು ಯಾರೂ ನೋಡಲಿಲ್ಲ. ಭಾವ ಮೆಲ್ಲಗೆ, "ತುಂಬಾ ಹಚ್ಚಿಕೊಂಡಿದ್ರು. ಸ್ವಲ್ಪ ನೀರು ಕೊಡಿ ಅವರಿಗೆ" ಎಂದರು. ಯಾರೋ ನೀರು ತಂದರು, ಯಾರೋ ಬೆನ್ನು ಸವರಿದರು. ಎಷ್ಟು ಒಳ್ಳೆಯ ಜನ! ಮೂಲೆಯಲ್ಲಿದ್ದ ದರ್ಜಿ ಮಾತ್ರ ಕುರ್ಚಿ ಬಿಟ್ಟು ಎದ್ದು ಬಂದ.

ಬೀದಿಗೆ ಬಂದ ಮೇಲೆ ಅವನು, "ಅಕ್ಕಾ, ನೀವು ಅಚ್ಚಿನ ಮನೆಯವರು. ಬಾಯಲ್ಲಿ ಹೇಳಿದ್ರೆ ದುಃಖ ಅಂತಾರೆ. ಅಚ್ಚಾಗಿ ಬಂದ್ರೆ ಓದ್ತಾರೆ" ಎಂದ.

ಬರೆದಿದ್ದೇನೆ. ಭಾವನ ವಾಚನಾಲಯಕ್ಕೆ ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅವಳಿದ್ದಿದ್ದರೆ ಅವಳೂ ಹೇಳುತ್ತಿರಲಿಲ್ಲ. ಹೋಗಿ, ಓದಿ, ಒಳ್ಳೆಯ ಪುಸ್ತಕಗಳಿವೆ. ಅವನ್ನು ಆರಿಸಿದವಳು ಅವಳು.