ತಂಗಿಯ ಖಾಲಿ ಫಾರಂಗಳು

ನನ್ನ ತಂಗಿ ಸರ್ವೆ ಕೆಲಸಕ್ಕೆ ಸೇರಿದ ವರ್ಷ, ಸಂಜೆ ನಾನು ಎಸ್ಟೇಟಿನಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಅವಳು ಫಾರಂ ಹಿಡಿದು ಜಗಲಿಯಲ್ಲಿ ಕೂತಿರುತ್ತಿದ್ದಳು. ಪ್ರಶ್ನೆ ಕೇಳುವುದನ್ನು ನನ್ನ ಮೇಲೆ ಅಭ್ಯಾಸ ಮಾಡುತ್ತಿದ್ದಳು. ಮೊಣಕಾಲು ನೋವಿದೆಯೇ, ಯಾವಾಗಿನಿಂದ, ಎದ್ದು ನಿಲ್ಲಲು ಏನಾದರೂ ಹಿಡಿಯಬೇಕೇ. ನಾನು ತಮಾಷೆ ಮಾಡಿದರೆ ಅದನ್ನೂ ಬರೆದುಕೊಳ್ಳುವವಳಂತೆ ನಟಿಸುತ್ತಿದ್ದಳು.

ಕಾಫಿ ಹಣ್ಣು ಕುಯ್ಯುವ ಹೆಂಗಸರ ಮೈಕೈ ನೋವಿನ ಬಗ್ಗೆ ಯಾವುದೋ ಕಾಲೇಜಿನವರು ಮಾಡಿಸುತ್ತಿದ್ದ ಸರ್ವೆ ಅದು. ಗೋಣಿಬೀಡು ಕಡೆ ಎಸ್ಟೇಟಿನ ಆಳುಗಳು ಸಾಲಾಗಿ ವಾಸವಿರುವ ಲೈನ್ ಮನೆಗಳು ಅವಳ ಪಾಲಿಗೆ ಬಂದಿದ್ದವು. ಮೊದಲೆಲ್ಲ ಬರೆದುಕೊಳ್ಳಲು ಯಾರು ಬಂದರೂ ಚಾಪೆ ಹಾಸಿ ಕಾಫಿ ಕೊಡುತ್ತಿದ್ದರು. ಈಗ ಫೋನಿನಲ್ಲಿ ಒಟಿಪಿ ಕೇಳಿ ಮೋಸ ಮಾಡುವವರ ಭಯ, ರೇಷನ್ ಕಾರ್ಡ್ ರದ್ದಾದೀತೆಂಬ ಭಯ. ಅವಳನ್ನು ಕಂಡರೆ ಬಾಗಿಲು ಹಾಕುತ್ತಿದ್ದರು. ಅಂಥವರ ಫಾರಂ ಖಾಲಿ ಬಿಟ್ಟು, ಮೂಲೆಯಲ್ಲಿ ‘ಬಾಗಿಲು ತೆಗೆಯಲಿಲ್ಲ’ ಎಂದೇ ಅವಳು ಬರೆಯುತ್ತಿದ್ದಳು. ನೋವು ಜಾಸ್ತಿ ಇರುವವರೇ ಒಳಗೆ ಉಳಿದಿರಬಹುದು, ಇನ್ನೊಮ್ಮೆ ಹೋಗಬೇಕು ಎನ್ನುತ್ತಿದ್ದಳು.

ನಾನು ಓದಿದ್ದು ಐದನೇ ಕ್ಲಾಸು, ಆ ಲೈನಿನವರು ದುಡಿಯುವ ಎಸ್ಟೇಟಿನಲ್ಲೇ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ. ಬೆಳಿಗ್ಗೆ ಹಾಜರಿಯ ಹೊತ್ತಿಗೆ ಲೆಕ್ಕ ಬರೆಯುವ ರೈಟರು ಏನು ಕೇಳಿದರೂ ಆಳುಗಳ ಪರವಾಗಿ ನಾನೇ ಹೇಳುವುದು. ಯಾರು ಬಂದಿಲ್ಲ, ಯಾಕೆ ಬಂದಿಲ್ಲ, ಎಲ್ಲ. ಆ ಅಭ್ಯಾಸ ಕೆಟ್ಟದ್ದು. ತಂಗಿ ಜ್ವರದಿಂದ ಮಲಗಿದ್ದಾಗ, ಬಾಗಿಲು ತೆಗೆಯದವರ ಫಾರಂಗಳನ್ನು ನಾನೇ ತುಂಬಿದೆ. ಯಾರನ್ನೂ ಕೇಳಲಿಲ್ಲ. ದಿನಾ ನೋಡುವ ಮುಖಗಳಲ್ಲವೇ? ಕೆಲಸಕ್ಕೆ ಬರುವವರಿಗೆಲ್ಲ ‘ನೋವಿಲ್ಲ’ ಎಂದು ಬರೆದೆ. ಮನೆಮನೆಗೆ ಹೋಗಿ ಕೇಳಿದೆ ಎಂದು ಅವಳಿಗೆ ಹೇಳಿದೆ. ಅವಳು ಬಿಸಿ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು.

ಜ್ವರ ಬಿಟ್ಟ ಮೇಲೆ ಲೈನಿನ ನಲ್ಲಿಯ ಹತ್ತಿರ ಅವಳಿಗೆ ಒಬ್ಬ ಹೆಂಗಸು ಸಿಕ್ಕಳಂತೆ. ಕೂತವಳು ಗೋಡೆ ಹಿಡಿದು, ಎರಡನೇ ಸಲಕ್ಕೆ ಎದ್ದಳಂತೆ. ಅಣ್ಣ ಬಂದಾಗ ಯಾಕೆ ಹೇಳಲಿಲ್ಲ ಎಂದು ತಂಗಿ ಕೇಳಿದರೆ, ಮೇಸ್ತ್ರಿ ನಮ್ಮ ಮನೆಗೆ ಬಂದೇ ಇಲ್ಲವಲ್ಲ ಎಂದಳಂತೆ.

ತಂಗಿ ಮನೆಗೆ ಬಂದು ನನ್ನೆದುರು ಫಾರಂಗಳನ್ನು ಇಟ್ಟಳು.

“ನೋವು ಅಂದ್ರೆ ಕೆಲಸ ಹೋಗುತ್ತೆ ಅನ್ನೋ ಭಯಕ್ಕೆ ಅವ್ರು ನಿಂಗೆ ಹೇಳಲ್ಲ ಅಣ್ಣಯ್ಯ. ಅದಕ್ಕೇ ನಾನು ಹೋಗ್ತಿದ್ದದ್ದು.”

“ನಿಂಗೆ ಅನುಕೂಲ ಆಗ್ಲಿ ಅಂತ ಮಾಡ್ದೆ ಮಾರಾಯ್ತಿ.”

“ಬಾಗಿಲು ಹಾಕ್ದೋರು ನಂಗೆ ಸುಳ್ಳು ಹೇಳಿರ್ಲಿಲ್ಲ.”

ಕಾಲೇಜಿನವರಿಗೆ ಅವಳೇ ತಿಳಿಸಿದಳು. ಯಾವುದು ನಿಜ, ಯಾವುದು ನನ್ನದು ಎಂದು ಬೇರೆ ಮಾಡುತ್ತ ಕೂರಲು ಅವರಿಗೆ ವ್ಯವಧಾನವಿರಲಿಲ್ಲ. ನಮ್ಮ ಲೈನನ್ನೇ ಸರ್ವೆಯಿಂದ ಕೈಬಿಟ್ಟರು. ಅವಳ ಕೆಲಸವೂ ಹೋಯಿತು.

ಈಗ ಕಳಸದ ಬಟ್ಟೆ ಅಂಗಡಿಯೊಂದರಲ್ಲಿದ್ದಾಳೆ. ಭಾನುವಾರ ಫೋನ್ ಮಾಡುತ್ತಾಳೆ. ಮಳೆ ಹೆಂಗಿದೆ, ಊಟ ಆಯ್ತಾ. ನಾನು ಏನು ಹೇಳಿದರೂ ಹೂಂ ಎನ್ನುತ್ತಾಳೆ, ಮತ್ತೊಂದು ಪ್ರಶ್ನೆ ಕೇಳುವುದಿಲ್ಲ.

ಈ ಮಳೆಗಾಲದಿಂದ ನನ್ನ ಎಡ ಮೊಣಕಾಲು ಹಿಡಿದುಕೊಂಡಿದೆ. ಜಗಲಿಯಿಂದ ಏಳಲು ಕಂಬ ಬೇಕು. ಯಾವ ದಿನ ಶುರುವಾಯಿತು, ಎಷ್ಟು ಹೊತ್ತು ಇರುತ್ತದೆ, ಎಲ್ಲ ನೆನಪಿಟ್ಟುಕೊಂಡಿದ್ದೇನೆ. ಅವಳು ಕೇಳಿದರೆ ಸರಿಯಾಗಿ ಹೇಳಬೇಕು.